ಹಳೆಯ ಹೊತ್ತಗೆ, ಹೊಸ ಓದು

ಲೋಕದ ಭೋಗವಸ್ತುಗಳೆಲ್ಲ ಬಳಸಿದಷ್ಟೂ ಕ್ಷಯಿಸುತ್ತವೆ. ಉಟ್ಟ ಬಟ್ಟೆ ಸವೆಯುತ್ತದೆ. ಕಣಜದ ಧಾನ್ಯ ದಿನದಿನಕ್ಕೆ ಇಳಿಯುತ್ತದೆ. ಒಳ್ಳೆಯ ಪುಸ್ತಕ ಮಾತ್ರ ಈ ನಿಯಮಕ್ಕೆ ಹೊರತಾದುದು. ಅದರ ಹಾಳೆ ಹಳದಿಯಾಗಬಹುದು, ಹೊಲಿಗೆ ಬಿಚ್ಚಬಹುದು, ಅಂಚು ಮುದುರಬಹುದು. ಆದರೆ ಅದರೊಳಗಿನ ಸಾರ ಓದಿದಷ್ಟೂ ಹೆಚ್ಚುತ್ತದೆ. ಎಳೆಯ ವಯಸ್ಸಿನಲ್ಲಿ ಓದಿ ಮುಗಿಯಿತೆಂದು ಬದಿಗಿಟ್ಟ ಗ್ರಂಥವನ್ನು ನಲವತ್ತರ ಪ್ರಾಯದಲ್ಲಿ ತೆರೆದವನು, ಅಂದು ಓದಿದ ಪುಸ್ತಕ ಇದೇ ಏನು ಎಂದು ಬೆರಗಾಗುವುದುಂಟು. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಬದಲಾದವನು ಓದುಗ. ಬಾಳಿನಲ್ಲಿ ಅವನು ಕಂಡ ಸುಖದುಃಖಗಳೇ ಹೊಸ ಕಣ್ಣಾಗಿ, ಹಳೆಯ ಅಕ್ಷರಗಳಲ್ಲಿ ಹಿಂದೆ ಕಾಣದ ಅರ್ಥವನ್ನು ಅವನಿಗೆ ಕಾಣಿಸುತ್ತವೆ.

ಓದಿದ ಪುಸ್ತಕಗಳ ಎಣಿಕೆಯೇ ವಿದ್ವತ್ತಿನ ಅಳತೆಯೆಂದು ಭಾವಿಸುವವರು ಬಹುಮಂದಿ. ಹಾಗೆಣಿಸಿದಾಗ ಓದಿದ್ದನ್ನೇ ಮತ್ತೆ ಓದುವುದು ಕಾಲಹರಣವಾಗಿ ತೋರುತ್ತದೆ. ಆದರೆ ಮೊದಲ ಓದಿನಲ್ಲಿ ಮನಸ್ಸು ಕಥೆಯ ಬೆನ್ನಟ್ಟಿ ಓಡುತ್ತಿರುತ್ತದೆ. ಮುಂದೇನಾಯಿತು ಎಂಬ ಕುತೂಹಲ ಅದನ್ನು ಎಲ್ಲಿಯೂ ನಿಲ್ಲಗೊಡುವುದಿಲ್ಲ. ಎರಡನೆಯ ಓದಿನಲ್ಲಿ ಆ ಅವಸರವಿಲ್ಲ. ಕೊನೆ ತಿಳಿದಿರುವುದರಿಂದ ದಾರಿಯ ಇಕ್ಕೆಲಗಳನ್ನು ನೋಡಲು ಕಣ್ಣಿಗೆ ಬಿಡುವು ದೊರೆಯುತ್ತದೆ. ಈ ಮಾತು ಇಲ್ಲಿ ಏಕೆ ಬಂದಿತು, ಆಡಬೇಕಾದ ಹೊತ್ತಿನಲ್ಲಿ ಈ ಪಾತ್ರ ಏಕೆ ಸುಮ್ಮನಾಯಿತು ಎಂಬ ಪ್ರಶ್ನೆಗಳು ಆಗ ಹುಟ್ಟುತ್ತವೆ. ಕಥೆಯನ್ನು ತಿಳಿಯುವುದು ಒಂದು ಹಂತ. ಕೃತಿಯನ್ನು ತಿಳಿಯುವುದು ಇನ್ನೊಂದು. ಎರಡನೆಯ ಹಂತಕ್ಕೆ ಏರುವ ಮೆಟ್ಟಿಲು ಮರುಓದು.

ತುಮಕೂರಿಗೆ ಸಮೀಪದ ದೇವರಾಯನದುರ್ಗವನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಮನದಟ್ಟಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರದ ಈ ಬೆಟ್ಟಕ್ಕೆ ಹೆತ್ತವರ ಕೈಹಿಡಿದು ಬಂದ ಬಾಲಕನ ನೆನಪಿನಲ್ಲಿ ಉಳಿಯುವುದು ನಾಮದ ಚಿಲುಮೆ. ಹಣೆಗೆ ನಾಮವಿಡಲು ನೀರು ಬೇಕಾಗಿ ಶ್ರೀರಾಮನು ಬಂಡೆಗೆ ಬಾಣ ಬಿಟ್ಟನೆಂಬ ಕಥೆ, ಕಲ್ಲಿನ ಕುಳಿಯಲ್ಲಿ ಒಸರುವ ನೀರು - ಅವನಿಗೆ ಅಷ್ಟೇ ಸಾಕು. ಅವನೇ ತರುಣನಾಗಿ ಬಂದಾಗ ಕೆಳಗಿನ ಭೋಗನರಸಿಂಹನ ಗುಡಿಯನ್ನು ದಾಟಿ, ನೆತ್ತಿಯ ಯೋಗನರಸಿಂಹನ ಸನ್ನಿಧಿಯವರೆಗೆ ಏರಿ, ಸುತ್ತಲಿನ ಕಾಡು ಕೆರೆಗಳ ವಿಸ್ತಾರವನ್ನು ನೋಡಿ ಹಿಗ್ಗುತ್ತಾನೆ. ಪ್ರೌಢನಾಗಿ ಬಂದಾಗ ಅದೇ ಬೆಟ್ಟ ಇತಿಹಾಸವಾಗಿ ಕಾಣುತ್ತದೆ. ಅದಕ್ಕೆ ಆನೆಬಿದ್ದಸರಿ ಎಂಬ ಹೆಸರೂ, ಜಡಕನೆಂಬ ನಾಯಕನಿಂದ ಜಡಕನದುರ್ಗವೆಂಬ ಹೆಸರೂ ಹಿಂದೆ ಇದ್ದುವೆಂದೂ, ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗವಾಯಿತೆಂದೂ ಅವನು ಅರಿಯುತ್ತಾನೆ. ಈ ಬೆಟ್ಟಸಾಲಿನಲ್ಲಿ ಹುಟ್ಟಿದ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನೂ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನೂ ಸೇರುತ್ತವೆಂಬುದು ಆಗ ಅವನಿಗೆ ಸೋಜಿಗವೆನಿಸುತ್ತದೆ. ಬೆಟ್ಟ ಒಂದೇ, ಮೂರು ಸಲದ ನೋಟ ಮೂರು ಬಗೆ. ಮಹಾಕೃತಿಗಳ ವಿಷಯವೂ ಹೀಗೆಯೇ.

ಕುಮಾರವ್ಯಾಸನ ಭಾರತವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಎಳೆಯರಿಗೆ ಅದರಲ್ಲಿ ಭೀಮನೇ ನಾಯಕ. ಬಕನ ವಧೆ, ಕೀಚಕನ ವಧೆ, ರಣದಲ್ಲಿ ಗದೆಯ ಹೊಡೆತ - ಇವುಗಳಲ್ಲಿ ಅವರ ಮನಸ್ಸು ನಲಿಯುತ್ತದೆ. ಉತ್ತರಕುಮಾರನು ಹೆಂಗಳೆಯರ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವುದನ್ನು ಓದಿ ಅವರು ಬಿದ್ದು ಬಿದ್ದು ನಗುತ್ತಾರೆ. ಯೌವನದಲ್ಲಿ ಮನಸ್ಸು ಕರ್ಣನ ಕಡೆಗೆ ತಿರುಗುತ್ತದೆ. ಜನ್ಮರಹಸ್ಯವನ್ನು ಕೃಷ್ಣನು ತಿಳಿಸಿದಾಗ, ರಾಜ್ಯವೋ ಉಂಡ ಅನ್ನದ ಋಣವೋ ಎಂಬ ಇಕ್ಕಟ್ಟಿನಲ್ಲಿ ಅವನು ತೊಳಲುವುದು ಆಗ ಎದೆಯನ್ನು ಕಲಕುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಹಿರಿಯರು ಉತ್ತರ ಕೊಡದೆ ಕುಳಿತರೆಂಬುದು ಸಿಟ್ಟು ತರಿಸುತ್ತದೆ. ಇನ್ನೂ ವಯಸ್ಸು ಕಳೆದ ಮೇಲೆ ಧೃತರಾಷ್ಟ್ರ ಅರ್ಥವಾಗುತ್ತಾನೆ. ವಿದುರನ ಹಿತವಚನ ನಿಜವೆಂದು ತಿಳಿದೂ ಮಗನನ್ನು ತಡೆಯಲಾರದ ಆ ಮುದುಕನ ಕುರುಡು ಕಣ್ಣಿನದಷ್ಟೇ ಅಲ್ಲವೆಂದು ಮಕ್ಕಳನ್ನು ಸಾಕಿದ ಓದುಗ ಅರಿಯುತ್ತಾನೆ. ಮೊದಲು ನಗಿಸಿದ ಉತ್ತರಕುಮಾರನೂ ಈಗ ಬೇರೆಯಾಗಿ ಕಾಣುತ್ತಾನೆ. ಹೊಣೆ ಎದುರಾದಾಗ ಹಿಂದೆಗೆಯುವ ಆ ಹುಡುಗ ತನ್ನೊಳಗೂ ಇದ್ದಾನೆಂಬ ಅರಿವಿನಿಂದ ಆ ನಗೆ ಸ್ವಲ್ಪ ಮೃದುವಾಗುತ್ತದೆ. ಒಂದೇ ಕಾವ್ಯ ಹೀಗೆ ಬಾಳಿನ ಉದ್ದಕ್ಕೂ ಜೊತೆಯಲ್ಲಿ ನಡೆದು ಬರುತ್ತದೆ.

ಅಚ್ಚಿನ ಪುಸ್ತಕ ಮನೆಮನೆಗೆ ಬರುವ ಮೊದಲೇ ಕನ್ನಡ ನಾಡಿನ ಜನ ಈ ಸುಖವನ್ನು ಅರಿತಿದ್ದರು. ಓದು ಬಲ್ಲವನೊಬ್ಬನು ಗಮಕಿಯಾಗಿ ಕಾವ್ಯವನ್ನು ರಾಗವಾಗಿ ವಾಚಿಸುವನು. ಇನ್ನೊಬ್ಬನು ಅರ್ಥ ಹೇಳುವನು. ಅಕ್ಷರ ಬಾರದವರೂ ಕುಳಿತು ಕೇಳುವರು. ಕುಮಾರವ್ಯಾಸ ಭಾರತ, ಜೈಮಿನಿ ಭಾರತ, ತೊರವೆ ರಾಮಾಯಣ ಇವು ಹಳ್ಳಿಯ ಗುಡಿಗಳಲ್ಲಿಯೂ ಮನೆಯ ಪಡಸಾಲೆಗಳಲ್ಲಿಯೂ ಹೀಗೆ ಉಳಿದು ಬಂದುವು. ಕೇಳುಗರಲ್ಲಿ ಕಥೆ ತಿಳಿಯದವರು ಯಾರೂ ಇರುತ್ತಿರಲಿಲ್ಲ. ತಿಳಿದ ಕಥೆಯನ್ನು ಮತ್ತೆ ಕೇಳಿ ಅದೇ ಸ್ಥಳದಲ್ಲಿ ಕಣ್ಣೀರು ಸುರಿಸುವುದರಲ್ಲಿ ಅವರಿಗೆ ತೃಪ್ತಿಯಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಹೆಸರಾದ ನಾಟಕ ಕಂಪನಿಯೂ ಜನ ಬಲ್ಲ ಪುರಾಣಕಥೆಗಳನ್ನೇ ರಂಗಕ್ಕೆ ತಂದು ಜನರನ್ನು ಸೆಳೆಯಿತು. ಪರಿಚಿತವಾದುದು ಬೇಸರ ತರುತ್ತದೆಂಬ ಮಾತು ಶ್ರೇಷ್ಠ ಕೃತಿಗಳ ವಿಷಯದಲ್ಲಿ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರುಓದಿನಿಂದ ಓದುಗನಿಗೆ ಸಂತೋಷ ಲಭಿಸುತ್ತದೆ. ಪುಸ್ತಕಕ್ಕಾದರೋ ಅದರಿಂದ ಪ್ರಾಣವೇ ಉಳಿಯುತ್ತದೆ. ಇದನ್ನು ತಿಳಿಯಬೇಕಾದರೆ ಹಿಂದಿನ ಕಾಲದ ಗ್ರಂಥಗಳು ಹೇಗಿದ್ದುವೆಂಬುದನ್ನು ನೋಡಬೇಕು. ತಾಳೆಯ ಗರಿಯನ್ನು ಹದಮಾಡಿ, ಸಮನಾಗಿ ಕತ್ತರಿಸಿ, ಕಬ್ಬಿಣದ ಕಂಟದಿಂದ ಅದರ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಬಳಿಕ ಮಸಿ ಸವರಿ ಒರೆಸಿದರೆ ಕೊರೆದ ಗೆರೆಗಳಲ್ಲಿ ಮಸಿ ನಿಂತು ಬರವಣಿಗೆ ಎದ್ದು ಕಾಣುತ್ತಿತ್ತು. ಗರಿಗಳ ತೂತಿನಲ್ಲಿ ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯಿಟ್ಟು ಬಿಗಿದರೆ ಒಂದು ಓಲೆಯ ಕಟ್ಟು ಸಿದ್ಧವಾಗುತ್ತಿತ್ತು. ಹುಳು, ತೇವ, ಬೆಂಕಿ ಇವು ಅದರ ಶತ್ರುಗಳು. ಎಷ್ಟು ಜೋಪಾನ ಮಾಡಿದರೂ ಕಾಲಕ್ರಮದಲ್ಲಿ ಗರಿ ಶಿಥಿಲವಾಗಿ ಮುರಿಯುತ್ತದೆ. ಅಷ್ಟರೊಳಗೆ ಯಾರಾದರೂ ಅದನ್ನು ಓದಿ, ಮೆಚ್ಚಿ, ಹೊಸ ಗರಿಗಳ ಮೇಲೆ ಪ್ರತಿ ಮಾಡಿಕೊಂಡರೆ ಮಾತ್ರ ಗ್ರಂಥಕ್ಕೆ ಮುಂದಿನ ಆಯುಸ್ಸು. ಪ್ರತಿ ಮಾಡಿದವನು ಕೊನೆಯಲ್ಲಿ ತನ್ನ ತಪ್ಪುಗಳನ್ನು ಮನ್ನಿಸಬೇಕೆಂದೂ, ಎಣ್ಣೆ ನೀರುಗಳಿಂದಲೂ ಸಡಿಲವಾದ ಕಟ್ಟಿನಿಂದಲೂ ಪುಸ್ತಕವನ್ನು ಕಾಪಾಡಬೇಕೆಂದೂ ಓದುಗರನ್ನು ಬೇಡಿಕೊಳ್ಳುವುದು ವಾಡಿಕೆಯಾಗಿತ್ತು.

ಹಾಗೆ ಪ್ರತಿ ಮಾಡುವ ಕೈ ಸಿಕ್ಕದ ಗ್ರಂಥಗಳ ಗತಿಯೇನು? ಹತ್ತನೆಯ ಶತಮಾನದ ಪೊನ್ನನು ಬರೆದ ಭುವನೈಕರಾಮಾಭ್ಯುದಯ ಇಂದು ಇಲ್ಲ. ರನ್ನನ ಪರಶುರಾಮಚರಿತವೂ ದೊರೆತಿಲ್ಲ. ಒಂದನೆಯ ಗುಣವರ್ಮನ ಶೂದ್ರಕವೆಂಬ ಕೃತಿ, ನಂತರದವರು ಅದರಿಂದ ಉದ್ಧರಿಸಿದ ಪದ್ಯಗಳಿಂದ ಮಾತ್ರ ತಿಳಿದುಬರುತ್ತದೆ. ಇವರೆಲ್ಲ ತಮ್ಮ ಕಾಲದಲ್ಲಿ ರಾಜಮನ್ನಣೆ ಪಡೆದ ಕವಿಗಳು. ರಾಜರ ಮನ್ನಣೆಯಾಗಲಿ ಕವಿಯ ಪ್ರತಿಭೆಯಾಗಲಿ ಗ್ರಂಥವನ್ನು ಕಾಯಲಾರವು. ಒಂದು ತಲೆಮಾರು ಅಸಡ್ಡೆ ಮಾಡಿದರೆ ಸಾಕು, ಕೊಂಡಿ ಕಳಚಿಹೋಗುತ್ತದೆ.

ಕೊಂಡಿ ಕಳಚದಂತೆ ಕಾದವರು ತುಮಕೂರು ಸೀಮೆಯಲ್ಲಿಯೇ ಅನೇಕರಿದ್ದರು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವೆಂಬ ಕಾವ್ಯವನ್ನು ರಚಿಸಿದನು. ಸತ್ಯೇಂದ್ರಚೋಳನೆಂಬ ದೊರೆಯು ನ್ಯಾಯಕ್ಕಾಗಿ ತನ್ನ ಮಗನನ್ನೇ ದಂಡಿಸಿದ ಕಥೆ ಅದು. ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನು ಅದೇ ಕಥೆಯನ್ನು ಆಧರಿಸಿ ರಾಜಶೇಖರವಿಳಾಸವೆಂಬ ಚಂಪೂಕಾವ್ಯವನ್ನು ಬರೆದು ಕೀರ್ತಿವಂತನಾದನು. ಗುಬ್ಬಿಯಲ್ಲಿ ಹುಟ್ಟಿದ ಒಂದು ಕಾವ್ಯ ಒಬ್ಬ ಸಮರ್ಥ ಓದುಗನ ಕೈಗೆ ಸೇರಿದುದರ ಫಲವಾಗಿ ಕನ್ನಡಕ್ಕೆ ಇನ್ನೊಂದು ಕಾವ್ಯ ದೊರಕಿತು.

ಇದಕ್ಕಿಂತಲೂ ಮಹತ್ತ್ವದ್ದು ಶೂನ್ಯಸಂಪಾದನೆಯ ಚರಿತ್ರೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿ ಹರಡಿಹೋಗಿದ್ದುವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅವುಗಳನ್ನು ಆಯ್ದು, ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ, ಶರಣರು ಪರಸ್ಪರ ಸಂವಾದ ನಡೆಸುವಂತೆ ಹೊಂದಿಸಿ, ಶೂನ್ಯಸಂಪಾದನೆಯನ್ನು ಸಂಕಲಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮೂವರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಗೂಳೂರು ತುಮಕೂರಿನ ಮಗ್ಗುಲಲ್ಲಿಯೇ ಇದೆ. ಸಿದ್ಧವೀರಣ್ಣೊಡೆಯನು ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗರ ಪರಂಪರೆಗೆ ಸೇರಿದವನು. ಸ್ವತಃ 701 ವಚನಗಳನ್ನು ರಚಿಸಿದ ಆ ಗುರುವಿನ ಸುತ್ತ ಹದಿನಾರನೆಯ ಶತಮಾನದಲ್ಲಿ ಹಳೆಯ ವಚನಗಳ ಓದು, ಸಂಗ್ರಹ, ವ್ಯಾಖ್ಯಾನ ಇವು ದೊಡ್ಡ ಕಾರ್ಯವಾಗಿ ಬೆಳೆದಿದ್ದುವು. ಸಿದ್ಧವೀರಣ್ಣೊಡೆಯನು ಹಿಂದಿನವರ ಸಂಕಲನವನ್ನು ಇದ್ದಂತೆಯೇ ಪ್ರತಿ ಮಾಡಿಕೊಂಡು ತೃಪ್ತನಾಗಬಹುದಾಗಿತ್ತು. ಅವನು ಅದನ್ನು ಪ್ರಶ್ನಿಸುತ್ತ ಓದಿದನು. ಕೆಲವು ಪ್ರಸಂಗಗಳನ್ನು ಬೆಳೆಸಿದನು, ಕೆಲವನ್ನು ಸೇರಿಸಿದನು. ಒಂದು ಪುಸ್ತಕ ನಾಲ್ಕು ಸಲ ಹೊಸದಾದ ಈ ಪ್ರಸಂಗ ಮರುಓದಿಗೆ ಉಜ್ಜ್ವಲವಾದ ಉದಾಹರಣೆ.

ಇಷ್ಟಾದರೂ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಹಳಗನ್ನಡದ ಬಹುಭಾಗ ಮಠಮನೆಗಳ ಅಟ್ಟಗಳಲ್ಲಿ ಕತ್ತಲೆಗೆ ಸರಿದಿತ್ತು. ಅದು ಬೆಳಕಿಗೆ ಬಂದ ಬಗೆ ರೋಮಾಂಚಕಾರಿಯಾದುದು. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಓದಿಸಿ ಅಚ್ಚು ಮಾಡಿಸಿದರು. ಅವರ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ ತುಮಕೂರು ಜಿಲ್ಲೆಗೆ ಮೀಸಲಾಗಿದೆ. 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನವಿಜಯ 1898ರಲ್ಲಿ ಅವರಿಂದ ಅಚ್ಚಾಯಿತು. ಎಂದರೆ ಒಂಬೈನೂರು ವರ್ಷಗಳಿಗೂ ಹೆಚ್ಚು ಕಾಲ ಆ ಮಹಾಕಾವ್ಯ ಓಲೆಯಿಂದ ಓಲೆಗೆ ದಾಟುತ್ತ, ಹೆಸರು ತಿಳಿಯದ ಪ್ರತಿಕಾರರ ಕೈಗಳಲ್ಲಿ ಬದುಕಿತ್ತು. ಅದೇ ವರ್ಷ ಕೆ. ಬಿ. ಪಾಠಕ್ ಅವರು ಕವಿರಾಜಮಾರ್ಗವನ್ನು ಪ್ರಕಟಿಸಿದರು. ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ 1892ರಲ್ಲಿ ಕರ್ಣಾಟಕ ಕಾವ್ಯಮಂಜರಿಯನ್ನು ಆರಂಭಿಸಿ ಹಳೆಯ ಕಾವ್ಯಗಳನ್ನು ಒಂದೊಂದಾಗಿ ಹೊರತಂದರು. ಆರ್. ನರಸಿಂಹಾಚಾರ್ಯರು ಮೂರು ಸಂಪುಟಗಳ ಕರ್ಣಾಟಕ ಕವಿಚರಿತೆಯಲ್ಲಿ ಮರೆತುಹೋದ ಕವಿಗಳ ಕುಲಗೋತ್ರಗಳನ್ನು ದಾಖಲಿಸಿದರು. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಪ್ರಕಟಣೆಗಾಗಿ ತಮ್ಮ ಸ್ವಂತ ಮನೆಯನ್ನೂ ಮಾರಿದರು. ಗೂಳೂರು ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯನ್ನು 1930ರಲ್ಲಿ ಅಚ್ಚಿಗೆ ತಂದವರೂ ಅವರೇ.

ಇಂತಹ ಮರುಶೋಧನೆಗಳು ಇಡೀ ಜಗತ್ತಿನ ತಿಳಿವಳಿಕೆಯನ್ನೇ ತಿದ್ದಿದುದುಂಟು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದ ಓಲೆಯ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಪ್ರಾಚೀನ ಭಾರತೀಯರಿಗೆ ರಾಜ್ಯಾಡಳಿತದ ವಿಚಾರ ತಿಳಿಯದೆಂದು ಹೇಳುತ್ತಿದ್ದವರ ಬಾಯಿ ಅಂದಿಗೆ ಕಟ್ಟಿತು. ಯೂರೋಪಿನಲ್ಲಿಯೂ 1417ರಲ್ಲಿ ಪೋಜ್ಜೋ ಎಂಬ ಇಟಲಿಯ ವಿದ್ವಾಂಸನು ಮಠವೊಂದರ ಗ್ರಂಥಭಂಡಾರದಲ್ಲಿ ಲುಕ್ರೀಷಿಯಸ್ ಎಂಬ ಪ್ರಾಚೀನ ರೋಮನ್ ಕವಿಯ ಕಾವ್ಯವನ್ನು ಪತ್ತೆಮಾಡಿದನು. ಎರಡು ಕಡೆಗಳಲ್ಲಿಯೂ ಗ್ರಂಥ ಅಲ್ಲಿಯೇ ಇತ್ತು. ತೆರೆದು ಓದುವವನು ಬರಬೇಕಾಗಿತ್ತು.

ಹಳೆಯ ಗ್ರಂಥ ಕೈಗೆ ಸಿಕ್ಕಿದ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ಓಲೆಯಲ್ಲಿ ಪದಗಳ ನಡುವೆ ತೆರವಿರುವುದಿಲ್ಲ. ಪ ಮತ್ತು ವ, ದ ಮತ್ತು ಧ ಇಂತಹ ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ. ಪ್ರತಿಕಾರನು ಕಣ್ತಪ್ಪಿ ಒಂದು ಸಾಲನ್ನು ಬಿಟ್ಟಿರಬಹುದು. ಅರ್ಥವಾಗದ ಶಬ್ದವನ್ನು ತನಗೆ ತಿಳಿದಂತೆ ತಿದ್ದಿರಬಹುದು. ಬೇರೆ ಬೇರೆ ಪ್ರತಿಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಕವಿ ಬರೆದುದು ಯಾವುದೆಂದು ನಿರ್ಣಯಿಸುವ ಈ ಶಾಸ್ತ್ರಕ್ಕೆ ಗ್ರಂಥಸಂಪಾದನೆಯೆಂದು ಹೆಸರು. ಕನ್ನಡದಲ್ಲಿ ಇದಕ್ಕೆ ಭದ್ರವಾದ ತಳಹದಿ ಹಾಕಿದವರು 1906ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಿ. ಎಲ್. ನರಸಿಂಹಾಚಾರ್ಯರು. ಹತ್ತನೆಯ ಶತಮಾನದ್ದೆಂದು ತಿಳಿಯಲಾದ, ಹತ್ತೊಂಬತ್ತು ಕಥೆಗಳ ವಡ್ಡಾರಾಧನೆಯನ್ನು ಅವರು 1949ರಲ್ಲಿ ಸಂಪಾದಿಸಿ ಕೊಟ್ಟರು. ಕನ್ನಡ ಗ್ರಂಥಸಂಪಾದನೆಯೆಂಬ ಅವರ ಪುಸ್ತಕ ಮುಂದಿನವರಿಗೆ ಕೈಪಿಡಿಯಾಯಿತು. ಪಂಪಭಾರತವನ್ನು ಅವರು ಎಷ್ಟು ಸಲ ಓದಿರಬಹುದೆಂಬುದಕ್ಕೆ ಪಂಪಭಾರತ ದೀಪಿಕೆಯೇ ಸಾಕ್ಷಿ. ಪದ್ಯ ಪದ್ಯವನ್ನೂ ಬಿಡಿಸಿ ಅರ್ಥ ಹೇಳುವ ಆ ಗ್ರಂಥ ಒಂದೇ ಕಾವ್ಯದೊಡನೆ ಕಳೆದ ಬಾಳಿನ ಫಲ. ಅದೇ 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ಸಂಸ್ಕೃತ ಅಲಂಕಾರಶಾಸ್ತ್ರದ ಹಳೆಯ ಗ್ರಂಥಗಳನ್ನು ಆಳವಾಗಿ ಓದಿ, 1953ರಲ್ಲಿ ಭಾರತೀಯ ಕಾವ್ಯಮೀಮಾಂಸೆಯನ್ನು ತಿಳಿಗನ್ನಡದಲ್ಲಿ ಕೊಟ್ಟರು. ಒಂದೇ ಜಿಲ್ಲೆಯಲ್ಲಿ ಒಂದೇ ವರ್ಷ ಹುಟ್ಟಿದ ಈ ಇಬ್ಬರೂ ಹಳೆಯದನ್ನು ಓದುವುದರಲ್ಲಿಯೇ ಹೊಸತನ್ನು ಸಾಧಿಸಿದರು.

ಹಾಗೆಂದು ಹಳೆಯದೆಲ್ಲವೂ ಹೊನ್ನಲ್ಲ. ಹಳೆಯದೆಂಬ ಕಾರಣದಿಂದಲೇ ಕಾವ್ಯವೊಂದು ಒಳ್ಳೆಯದಾಗುವುದಿಲ್ಲ, ಹೊಸದೆಂಬ ಕಾರಣದಿಂದಲೇ ಕೆಟ್ಟದಾಗುವುದೂ ಇಲ್ಲ ಎಂಬ ವಿವೇಕವನ್ನು ಕಾಳಿದಾಸನೇ ಮಾಳವಿಕಾಗ್ನಿಮಿತ್ರದ ಆರಂಭದಲ್ಲಿ ಸೂಚಿಸಿದ್ದಾನೆ. ಮರುಓದು ಪುಸ್ತಕಕ್ಕೂ ಒಂದು ಪರೀಕ್ಷೆ. ಬಾಲ್ಯದಲ್ಲಿ ಮೆಚ್ಚಿದ ಎಷ್ಟೋ ಪುಸ್ತಕಗಳು ಎರಡನೆಯ ಓದಿನಲ್ಲಿ ಸಪ್ಪೆಯಾಗಿ ತೋರುವುದುಂಟು. ಅದರಿಂದ ನಿರಾಶೆಗೊಳ್ಳಬೇಕಾಗಿಲ್ಲ, ಓದುಗನ ರುಚಿ ಬೆಳೆದಿದೆಯೆಂಬುದಕ್ಕೆ ಅದು ಗುರುತು. ಹಿಂದಿನವರ ಕೆಲವು ನಂಬಿಕೆಗಳು ಇಂದಿನ ನ್ಯಾಯಬುದ್ಧಿಗೆ ಒಪ್ಪಿಗೆಯಾಗದಿರಬಹುದು. ಅಂತಹ ಕಡೆ ಪುಸ್ತಕವನ್ನು ಮುಚ್ಚುವುದಕ್ಕಿಂತ, ಆ ಕಾಲ ಹಾಗೇಕೆ ಯೋಚಿಸಿತೆಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರ.

ಮರುಓದಿಗೆ ಹೆಚ್ಚಿನ ಸಲಕರಣೆಗಳು ಬೇಡ. ವರ್ಷಕ್ಕೆ ಒಂದೆರಡು ಹಳೆಯ ಪುಸ್ತಕಗಳನ್ನಾದರೂ ಮತ್ತೆ ಓದುವ ನಿಯಮವಿಟ್ಟುಕೊಂಡರೆ ಸಾಕು. ಓದುವಾಗ ಮನಸ್ಸಿಗೆ ತೋಚಿದ್ದನ್ನು ದಿನಾಂಕ ಹಾಕಿ ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳ ಅನಂತರ ಆ ಬರಹವೇ ಓದುಗನ ಮನಸ್ಸು ಬೆಳೆದ ದಾರಿಯನ್ನು ತೋರಿಸುತ್ತದೆ. ಕಠಿಣವಾದ ಹಳಗನ್ನಡ ಕಾವ್ಯವನ್ನು ಒಂದೇ ಸಲಕ್ಕೆ ಅರ್ಥಮಾಡಿಕೊಳ್ಳಬೇಕೆಂಬ ಹಟ ಬೇಡ. ಮೊದಲು ಗಟ್ಟಿಯಾಗಿ ಓದಿ ನಾದವನ್ನು ಕೇಳುವುದು, ಆಮೇಲೆ ನಿಘಂಟಿನ ನೆರವಿನಿಂದ ಅರ್ಥವನ್ನು ಹುಡುಕುವುದು, ಕೊನೆಗೆ ನೆರವಿಲ್ಲದೆ ಇನ್ನೊಮ್ಮೆ ಓದುವುದು - ಈ ಕ್ರಮದಿಂದ ಕಗ್ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿರಿಯರು ಅಂಚಿನಲ್ಲಿ ಗೆರೆ ಎಳೆದು ಟಿಪ್ಪಣಿ ಬರೆದಿರುವ ಹಳೆಯ ಪ್ರತಿ ಮನೆಯಲ್ಲಿದ್ದರೆ ಅದು ಹೊಸ ಪ್ರತಿಗಿಂತ ಬೆಲೆಯುಳ್ಳದ್ದು. ಗ್ರಂಥವನ್ನು ಓದುತ್ತ ಅದನ್ನು ಓದಿದವರ ಮನಸ್ಸನ್ನೂ ಅಲ್ಲಿ ಓದಬಹುದು.

ಇಂದು ಗ್ರಂಥರಕ್ಷಣೆಯ ಸಾಧನಗಳು ಹಿಂದೆಂದಿಗಿಂತಲೂ ಹೆಚ್ಚಾಗಿವೆ. ಊರೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ದೇಶದ ಓಲೆಗರಿಗಳನ್ನು ಪಟ್ಟಿಮಾಡಿ ಅವುಗಳ ಚಿತ್ರಗಳನ್ನು ತೆಗೆದಿಡುವ ಕೆಲಸವನ್ನು ಕೈಗೊಂಡಿತು. ಓಲೆ ಮುರಿದರೂ ಅದರ ಬಿಂಬ ಉಳಿಯುತ್ತದೆ. ಆದರೆ ಬೀರುವಿನಲ್ಲಾಗಲಿ ಯಂತ್ರದಲ್ಲಾಗಲಿ ಭದ್ರವಾಗಿ ಮಲಗಿರುವ ಪುಸ್ತಕ ಬದುಕಿದೆಯೆಂದು ಹೇಳುವಂತಿಲ್ಲ. ಹುಳುವಿನಿಂದ ಗ್ರಂಥವನ್ನು ಕಾಯಲು ಔಷಧವಿದೆ. ಮರೆವಿನಿಂದ ಕಾಯಲು ಓದುಗನೊಬ್ಬನೇ ಔಷಧ. ಪಂಪನ ಕಾವ್ಯವನ್ನು ಓಲೆಯ ಮೇಲೆ ಕೊರೆದವರ ಹೆಸರುಗಳು ಉಳಿದಿಲ್ಲ. ಗೂಳೂರಿನ ಸಿದ್ಧವೀರಣ್ಣೊಡೆಯನು ಎಷ್ಟು ರಾತ್ರಿ ದೀಪದ ಮುಂದೆ ಕುಳಿತನೆಂಬ ಲೆಕ್ಕವೂ ಇಲ್ಲ. ಅವರು ಕೈಯಿಂದ ಕೈಗೆ ದಾಟಿಸಿದ ಹೊತ್ತಗೆ ಮಾತ್ರ ಇಂದಿನ ವಿದ್ಯಾರ್ಥಿಯ ಮೇಜಿನ ಮೇಲೆ ಇದೆ. ಅದನ್ನು ತೆರೆದು ಓದುವವನು ಆ ದೀರ್ಘವಾದ ಸಾಲಿಗೆ ತಾನೂ ಸೇರುತ್ತಾನೆ. ಬಾಳಿನ ಇನ್ನೊಂದು ಹಂತದಲ್ಲಿ ಮತ್ತೆ ತೆರೆದಾಗ, ಸೇರಿದುದರ ಸುಖವನ್ನು ಅರಿಯುತ್ತಾನೆ.